ದಡಕ್ಕೆಳೆದ ದೋಣಿಯಲ್ಲಿ ಕಣಜ ಗೂಡು ಕಟ್ಟದಿರಲು

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಲಂಗರು ಹಾಕುತ್ತವೆ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ನಿಷೇಧವಿಲ್ಲ. ಆದರೆ ಕಡಲು ರೇಗಿದಾಗ ಅವೂ ದಡದಲ್ಲೇ ಇರಬೇಕಾಗುತ್ತದೆ. ಅಂಬಲಪಾಡಿಯಲ್ಲಿ ಹೆದ್ದಾರಿ ದಾಟಿ ಪಡುವಣಕ್ಕೆ ಹೊರಟರೆ ಕಿದಿಯೂರು, ಕಡೆಕಾರು, ಕುತ್ಪಾಡಿ, ಅದರಾಚೆ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಪಡುಕೆರೆ. ಮಳೆಗಾಲದಲ್ಲಿ ಈ ಕಡೆಗಳಲ್ಲಿ ತೆಂಗಿನ ಮರದಡಿ, ಶೆಡ್ಡಿನೊಳಗೆ, ಹೊಳೆಯ ದಂಡೆಯಲ್ಲಿ ಫೈಬರ್ ದೋಣಿಗಳು ಟರ್ಪಾಲು ಹೊದ್ದು ಮಲಗಿರುತ್ತವೆ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಒಣಗಿದ, ಅಲುಗಾಡದ, ಜನರ ಓಡಾಟವಿಲ್ಲದ ಸೂರು ಸಿಗುವುದು ಅಪರೂಪ. ಕಣಜಕ್ಕೆ ಬೇಕಾದದ್ದು ಅಂಥದೇ ಜಾಗ. ಆಗಸ್ಟಿನಲ್ಲಿ ಟರ್ಪಾಲು ಎತ್ತಿದಾಗ ಅಡ್ಡಹಲಗೆಯ ಅಡಿಯಿಂದ ನಾಲ್ಕು ಹುಳು ಮುಖಕ್ಕೆ ಎಗರಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮನೆಯ ಮಾಡಿಗೆ ಕಣಜ ಕಟ್ಟಿದರೆ ಓಡಲು ಅಂಗಳವಿದೆ. ದೋಣಿ ಒಮ್ಮೆ ನೀರಿಗಿಳಿದ ಮೇಲೆ ಓಡಲು ಜಾಗವೇ ಇಲ್ಲ. ಒಂದು ಕಡೆ ಹುಳು, ಇನ್ನೊಂದು ಕಡೆ ನೀರು. ಹಾಗಾಗಿ ಗೂಡು ಕೀಳುವ ಉಪಾಯಕ್ಕಿಂತ ಗೂಡಿಗೆ ಜಾಗ ಕೊಡದಿರುವ ಉಪಾಯವೇ ದೋಣಿಯವರಿಗೆ ಮುಖ್ಯ. ಅದಕ್ಕೆ ಮೇ ತಿಂಗಳ ಕೊನೆಯಲ್ಲಿ ಅರ್ಧ ದಿನದ ಕೆಲಸ, ಆಮೇಲೆ ವಾರಕ್ಕೊಮ್ಮೆ ಸ್ವಲ್ಪ ಹೊತ್ತಿನ ಸುತ್ತಾಟ ಸಾಕು.

ಬರುವ ಹುಳುಗಳು ಯಾವುವು?

ಎಲ್ಲ ಕಣಜವೂ ಒಂದೇ ಅಲ್ಲ. ಯಾವುದು ಬಂದಿದೆ ಎಂದು ಗೊತ್ತಾದರೆ ಮುಂದೇನು ಮಾಡಬೇಕು ಎನ್ನುವುದೂ ಅರ್ಧ ತೀರ್ಮಾನವಾದಂತೆ.

ಮೊದಲನೆಯದು ಕಾಗದದಂಥ ಗೂಡು ಕಟ್ಟುವ ಸಣ್ಣ ಕಣಜ. ಕೆಂಪು ಮಿಶ್ರಿತ ಕಂದು ಮೈ, ಹೊಟ್ಟೆಯ ಮೇಲೊಂದು ಹಳದಿ ಪಟ್ಟಿ, ಉದ್ದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಇಂಥ ಕಣಜದ ವೈಜ್ಞಾನಿಕ ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗಕರ್ ದಶಕಗಳ ಕಾಲ ಇದರ ಸಮಾಜ ಜೀವನವನ್ನು ಅಭ್ಯಾಸ ಮಾಡಿದ್ದಾರೆ. 2001ರಲ್ಲಿ ಅವರು ಇದೊಂದೇ ಕಣಜದ ಕುರಿತು ಇಡೀ ಪುಸ್ತಕ ಬರೆದರು. ಆ ಅಧ್ಯಯನಗಳಿಂದ ದೋಣಿಯವರಿಗೆ ಉಪಯೋಗವಾಗುವ ಒಂದು ಸಂಗತಿ ತಿಳಿಯುತ್ತದೆ. ಚಳಿ ದೇಶದ ಕಣಜಗಳ ಗೂಡು ಚಳಿಗಾಲ ಬಂದೊಡನೆ ಖಾಲಿಯಾಗುತ್ತದೆ. ನಮ್ಮ ಈ ಕಣಜಕ್ಕೆ ಅಂಥ ಗಡುವಿಲ್ಲ, ವರ್ಷದ ಯಾವ ತಿಂಗಳಲ್ಲೂ ಅದು ಹೊಸ ಗೂಡು ಹೂಡಬಹುದು. ತಾನಾಗಿ ಹೋದೀತು ಎಂದು ಕಾಯುತ್ತ ಕೂತರೆ ಗೂಡು ದೊಡ್ಡದಾಗುತ್ತಲೇ ಹೋಗುತ್ತದೆ.

ಎರಡನೆಯದು ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳು. ಕಪ್ಪು ಮೈ, ಹಳದಿ ಕಾಲು, ದಾರದಷ್ಟು ತೆಳ್ಳಗಿನ ಸೊಂಟ. ಇದು ಒಂಟಿಯಾಗಿ ಬದುಕುವ ಹುಳು. ಗೂಡಿಗೆ ಕಾವಲಿಲ್ಲ, ಕೈಯಲ್ಲಿ ಹಿಡಿದು ಹಿಂಡಿದರೆ ಹೊರತು ಸಾಮಾನ್ಯವಾಗಿ ಕಚ್ಚುವುದಿಲ್ಲ. ಗೋಡೆಗೆ ಮೆತ್ತಿದ ಇದರ ಗೂಡನ್ನು ಒಡೆದರೆ ಒಳಗೆ ಬೆರಳಿನ ಗೆಣ್ಣಿನಷ್ಟುದ್ದದ ಕೋಣೆಗಳು. ಒಂದೊಂದರಲ್ಲೂ ಸಣ್ಣ ಜೇಡಗಳನ್ನು ಒತ್ತೊತ್ತಾಗಿ ತುರುಕಿರುತ್ತದೆ. ಕಾಲು ಮಡಚಿಕೊಂಡ ಆ ಜೇಡಗಳು ಸತ್ತಿರುವುದಿಲ್ಲ, ವಿಷದಿಂದ ಮರಗಟ್ಟಿರುತ್ತವೆ. ಮೊಟ್ಟೆಯೊಡೆದ ಮರಿಗೆ ತಾಜಾ ಆಹಾರ ಸಿಗಲೆಂದು ತಾಯಿ ಮಾಡಿದ ಏರ್ಪಾಡು ಇದು. ಈ ಹುಳು ಮನುಷ್ಯರಿಗೆ ಅಪಾಯಕಾರಿಯಲ್ಲ, ಎಂಜಿನ್ನಿಗೆ ಅಪಾಯಕಾರಿ.

ಮೂರನೆಯದು ದೊಡ್ಡ ಕಣಜ. ಎರಡು ಸೆಂಟಿಮೀಟರಿಗಿಂತ ಉದ್ದ, ಕಪ್ಪು ಮೈ, ಹೊಟ್ಟೆಯ ಮೇಲೆ ಅಗಲವಾದ ಹಳದಿ ಅಥವಾ ಕಿತ್ತಳೆ ಪಟ್ಟಿ. ಹಾರುವಾಗ ಗುಂಯ್‌ಗುಡುವ ಸದ್ದು ದೂರಕ್ಕೇ ಕೇಳುತ್ತದೆ. ಇವುಗಳಲ್ಲಿ ಒಂದು ಜಾತಿ ಸಣ್ಣ ಕಣಜದ ಗೂಡಿಗೇ ನುಗ್ಗಿ ಮರಿಗಳನ್ನು ಹೊತ್ತೊಯ್ಯುತ್ತದೆ. ದೊಡ್ಡ ಕಣಜದ ಗೂಡು ಸುತ್ತಲೂ ಕಾಗದ ಸುತ್ತಿದ ಉಂಡೆಯ ಹಾಗಿದ್ದು, ಒಳಹೋಗಲು ಒಂದು ದ್ವಾರವಿರುತ್ತದೆ. ಮರದ ಮೇಲೆ, ಪೊಟರೆಯಲ್ಲಿ, ನೆಲದ ಬಿಲದಲ್ಲಿ, ವರ್ಷಗಟ್ಟಲೆ ಬಳಸದ ಬೋಟಿನ ಕ್ಯಾಬಿನ್ನಿನಲ್ಲಿ ಕಟ್ಟಬಹುದು. ಈ ಗೂಡಿಗೆ ಮನೆಯವರು ಕೈ ಹಾಕಲೇಬಾರದು.

ದೋಣಿಯ ಪೊಳ್ಳು ಭಾಗದಲ್ಲಿ ಕೆಲವೊಮ್ಮೆ ತುಡುವೆ ಜೇನು ಕೂರುವುದೂ ಉಂಟು. ಅದು ಕಣಜವಲ್ಲ. ಹತ್ತಿರದ ಜೇನು ಸಾಕುವವರಿಗೆ ಹೇಳಿದರೆ ಕುಟುಂಬವನ್ನು ಪೆಟ್ಟಿಗೆಗೆ ಇಳಿಸಿಕೊಂಡು ಹೋಗುತ್ತಾರೆ.

ಎಲ್ಲೆಲ್ಲಿ ಹುಡುಕಬೇಕು?

ಸಣ್ಣ ಕಣಜಕ್ಕೆ ಮಳೆ ತಾಗದ, ಕೆಳಮುಖವಾದ ಒಣ ಮೇಲ್ಮೈ ಬೇಕು. ದೋಣಿಯಲ್ಲಿ ಅಂಥ ಜಾಗಗಳೆಂದರೆ ಅಡ್ಡಹಲಗೆಗಳ ತಳ, ಅಂಚಿನ ಪಟ್ಟಿಯ ಒಳಮಗ್ಗುಲು, ಕವುಚಿ ಹಾಕಿದ್ದರೆ ದೋಣಿಯ ಇಡೀ ಒಳಮೈ, ಕ್ಯಾಬಿನ್ನಿನ ಚಾವಣಿ, ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಬದಿ, ಬದಿಗೆ ತೂಗುಬಿಟ್ಟ ಹಳೇ ಟಯರಿನ ಒಳಸುತ್ತು, ಮಡಚಿಟ್ಟ ಬಲೆಯ ರಾಶಿ, ಲೈಫ್ ಜಾಕೆಟ್ ತೂಗುಹಾಕಿದ ಮೂಲೆ. ಬಲೆಯ ರಾಶಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಅದನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತುವುದರಿಂದ ಕಡಿತ ನೇರ ಮುಖಕ್ಕೂ ಕತ್ತಿಗೂ ಬೀಳುತ್ತದೆ.

ಕುಂಬಾರ ಹುಳು ಹುಡುಕುವುದು ತೂತನ್ನು. ಡೀಸೆಲ್ ಎಂಜಿನ್ನಿನ ಹೊಗೆ ಕೊಳವೆ, ಇಂಧನ ಟ್ಯಾಂಕಿನ ಗಾಳಿ ತೂತು, ಹಾರ್ನಿನ ಬಾಯಿ, ನೀರು ಹೊರಹೋಗುವ ಕೊಳವೆ, ಔಟ್‌ಬೋರ್ಡ್ ಎಂಜಿನ್ನಿನಲ್ಲಿ ತಂಪು ನೀರು ಚಿಮ್ಮುವ ಸಣ್ಣ ರಂಧ್ರ, ಎಲ್ಲವೂ ಅದಕ್ಕೆ ತಯಾರಾಗಿ ಸಿಕ್ಕ ಮನೆ.

ಹಾಯಿದೋಣಿ ಇಟ್ಟುಕೊಂಡವರು ಇನ್ನೂ ಕೆಲವು ಕಡೆ ನೋಡಬೇಕು. ನೌಕಾ ಎನ್‌ಸಿಸಿಯ ಮಕ್ಕಳು ಹಾಯಿ ಕಲಿಯುವ ಎಂಟರ್‌ಪ್ರೈಸ್ ದರ್ಜೆಯ ದೋಣಿಯಾಗಲಿ, ಖಾಸಗಿಯವರ ಸಣ್ಣ ಹಾಯಿದೋಣಿಯಾಗಲಿ, ಅಲ್ಯೂಮಿನಿಯಂ ಹಾಯಿಕಂಬ ಇದ್ದರೆ ಅದು ಪೊಳ್ಳು. ಬೂಮ್ ಎನ್ನುವ ಅಡ್ಡ ಕೊಳವೆಯೂ ಪೊಳ್ಳು. ಅದರ ಎರಡು ತುದಿಯ ಮುಚ್ಚಳಗಳಲ್ಲಿ ಒಂದು ಬಿದ್ದುಹೋಗಿದ್ದರೂ ಕಣಜಕ್ಕೆ ದಾರಿ ಸಿಕ್ಕಂತೆ. ಹಾಯಿ ಎತ್ತುವ ಹಗ್ಗ ಎಳೆದಾಗ ಕೊಳವೆ ನಡುಗುತ್ತದೆ, ಒಳಗಿನ ಹುಳುಗಳು ತಲೆಯ ಮಟ್ಟದಲ್ಲೇ ಹೊರಬೀಳುತ್ತವೆ. ಸುತ್ತಿಟ್ಟ ಹಾಯಿಯ ಮಡಿಕೆ, ಹಾಯಿಗೆ ಹೊದಿಸಿದ ಬಟ್ಟೆಯ ಒಳಭಾಗ, ಚುಕ್ಕಾಣಿ ಸಿಕ್ಕಿಸುವ ಸಂದು, ಇವನ್ನೂ ಬಿಡಬಾರದು.

ದಿನವೂ ಕಡಲಿಗೆ ಹೋಗುವ ದೋಣಿಗೆ ಈ ಕಾಟ ಕಡಿಮೆ. ಅಲುಗಾಟ, ಎಂಜಿನ್ನಿನ ನಡುಕ, ಹೊಗೆ, ಉಪ್ಪುನೀರಿನ ಎರಚಲು, ಜನರ ಓಡಾಟ ಇರುವಲ್ಲಿ ಕಣಜ ನೆಲೆಯೂರುವುದು ಕಷ್ಟ. ಮನೆ ಬೀಗ ಹಾಕಿ ದುಬೈಗೋ ಮುಂಬೈಗೋ ಹೋದವರ ದೋಣಿ, ಕಂತು ಕಟ್ಟಲಾಗದೆ ಮೂಲೆಗೆ ಸೇರಿದ ದೋಣಿ, ಪ್ರವಾಸಿಗರ ಹಂಗಾಮು ಮುಗಿದ ಮೇಲೆ ಹೊಳೆಬದಿಯಲ್ಲಿ ಕಟ್ಟಿಟ್ಟ ಕಯಾಕ್, ಇಂಥವೇ ಅದರ ಮೊದಲ ಆಯ್ಕೆ.

ಚಿಟಿಕೆ ಮಣ್ಣು, ದೊಡ್ಡ ಅನಾಹುತ

ಕಚ್ಚದ ಹುಳುವಿನ ಮಣ್ಣಿನ ಗೂಡನ್ನು ಹಗುರವಾಗಿ ಕಾಣುವವರೇ ಹೆಚ್ಚು. 1996ರ ಫೆಬ್ರವರಿ 6ರಂದು ಡೊಮಿನಿಕನ್ ರಿಪಬ್ಲಿಕ್‌ನ ಪುಯೆರ್ಟೊ ಪ್ಲಾಟಾದಿಂದ ಹಾರಿದ ಬಿರ್ಗೆನ್‌ಏರ್ ವಿಮಾನ ಕಡಲಿಗೆ ಬಿದ್ದು 189 ಜನ ಸತ್ತರು. ವೇಗ ಅಳೆಯುವ ಕೊಳವೆಯ ಬಾಯಿ ಕಟ್ಟಿಕೊಂಡು ಪೈಲಟ್‌ಗಳಿಗೆ ತಪ್ಪು ವೇಗ ತೋರಿಸಿತ್ತು. ಹಾರುವ ಮೊದಲು ವಿಮಾನ ಹಲವು ದಿನ ನಿಂತಿತ್ತು, ಕೊಳವೆಗಳಿಗೆ ಮುಚ್ಚಳ ಹಾಕಿರಲಿಲ್ಲ. ಮಣ್ಣಿನ ಗೂಡು ಕಟ್ಟುವ ಕಣಜವೇ ಕಾರಣವಿರಬೇಕು ಎಂದು ತನಿಖೆಯವರು ಶಂಕಿಸಿದರು. 2013ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಹೊರಟ ಎತಿಹಾದ್ ವಿಮಾನ ಇದೇ ತೊಂದರೆಯಿಂದ ವಾಪಸಾಗಿ ಇಳಿಯಿತು. ಅಲ್ಲಿ ಕೊಳವೆಯೊಳಗೆ ಕಣಜದ ಗೂಡೇ ಸಿಕ್ಕಿತು. ವಿಮಾನ ನೆಲದ ಮೇಲೆ ನಿಂತಿದ್ದ ಎರಡು ಗಂಟೆಯ ಆಸುಪಾಸಿನಲ್ಲೇ ಅಷ್ಟು ಕೆಲಸ ಮುಗಿದಿತ್ತು. ಹಾಗಿದ್ದರೆ ಎರಡು ತಿಂಗಳು ನಿಂತ ದೋಣಿಯ ಪಾಡೇನು, ಯೋಚಿಸಿ.

ನಮ್ಮ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ಹೆಚ್ಚಾಗಿ ಓಡುವುದು ಸೀಮೆಎಣ್ಣೆಯಲ್ಲಿ. ಟ್ಯಾಂಕಿನಿಂದ ಎಣ್ಣೆ ಹೊರಹೋದಷ್ಟೂ ಒಳಗೆ ಗಾಳಿ ಬರಬೇಕು. ಗಾಳಿ ತೂತಿಗೆ ಮಣ್ಣು ಮೆತ್ತಿದ್ದರೆ ಟ್ಯಾಂಕಿನೊಳಗೆ ಒತ್ತಡ ಇಳಿದು ಎಣ್ಣೆಯ ಹರಿವು ನಿಲ್ಲುತ್ತದೆ. ದಡದಲ್ಲಿ ಎಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ, ಅಳಿವೆ ಬಾಯಿಯ ಅಲೆಗಳ ನಡುವೆ ಸುಮ್ಮನಾಗುತ್ತದೆ. ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ ಹುಡುಕುವ ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಉಸ್ಸೆಂದು ಗಾಳಿ ಒಳನುಗ್ಗಿ ಎಂಜಿನ್ ಮತ್ತೆ ಓಡಿದರೆ ತೊಂದರೆ ಗಾಳಿ ತೂತಿನಲ್ಲಿದೆ.

ಇನ್ನೊಂದು, ಎಂಜಿನ್ ಓಡುವಾಗ ಪಕ್ಕದ ರಂಧ್ರದಿಂದ ಸಣ್ಣಗೆ ಚಿಮ್ಮುವ ನೀರಿನ ಧಾರೆ. ತಂಪು ನೀರು ಎಂಜಿನ್ನಿನೊಳಗೆ ಸುತ್ತಿ ಬರುತ್ತಿದೆ ಎನ್ನಲು ಅದೇ ಗುರುತು. ಧಾರೆ ಬಾರದಿದ್ದರೆ ಎಂಜಿನ್ನನ್ನು ತಕ್ಷಣ ನಿಲ್ಲಿಸಿ. ಎಷ್ಟೋ ಸಲ ಒಳಗೆ ನೀರು ಸರಿಯಾಗಿಯೇ ಓಡುತ್ತಿರುತ್ತದೆ, ರಂಧ್ರದಲ್ಲಿ ಮಾತ್ರ ಮಣ್ಣು ಕೂತಿರುತ್ತದೆ. ಆದರೆ ನೋಡದೆ ಹಾಗೆಂದು ನಂಬಿದರೆ, ಪಂಪೇ ಕೆಟ್ಟಿದ್ದ ಪಕ್ಷದಲ್ಲಿ ಎಂಜಿನ್ ಕಾದು ಹಿಡಿದುಕೊಳ್ಳುತ್ತದೆ. ರಂಧ್ರ ಬಿಡಿಸಲು ಕಬ್ಬಿಣದ ತಂತಿ ಬೇಡ, ಅದು ಒಳಗೆ ಗೀರುತ್ತದೆ. ಗಾಳಕ್ಕೆ ಬಳಸುವ ದಪ್ಪ ನೈಲಾನ್ ದಾರದ ಒಂದು ತುಂಡು ಈ ಕೆಲಸಕ್ಕೆ ಸರಿಯಾಗಿ ಒದಗುತ್ತದೆ. ಮೊದಲು ನೀರು ಹಾಕಿ ಮಣ್ಣು ನೆನೆಯಲು ಬಿಡಿ, ಆಮೇಲೆ ದಾರ ತೂರಿಸಿ ಹೊರಕ್ಕೆಳೆಯಿರಿ. ಒಳಕ್ಕೆ ದೂಡಬೇಡಿ.

ಮೇ ಕೊನೆಯ ವಾರದ ಕೆಲಸ

ದೋಣಿಯನ್ನು ಸಿಹಿನೀರಿನಲ್ಲಿ ತೊಳೆದು ಒಂದು ಬಿಸಿಲು ಒಣಗಿಸಿ. ಹಳೆಯ ಗೂಡುಗಳಿದ್ದರೆ ಚಾಕುವಿನಿಂದ ಕೆರೆದು ತೊಟ್ಟಿನ ಕಲೆಯೂ ಉಳಿಯದಂತೆ ಒರೆಸಿ. ಖಾಲಿಯಾದ ಗೂಡಿನ ಹತ್ತಿರವೇ ಹೊಸದು ಎದ್ದೇಳುವುದು ಸಾಮಾನ್ಯ. ಜೇಡರ ಬಲೆಗಳನ್ನೂ ತೆಗೆಯಿರಿ, ಜೇಡ ಇಲ್ಲದ ಕಡೆ ಕುಂಬಾರ ಹುಳುವಿಗೆ ಬೇಟೆಯಿಲ್ಲ.

ಆಮೇಲೆ ತೂತುಗಳನ್ನು ಮುಚ್ಚಬೇಕು. ಹೊಗೆ ಕೊಳವೆ, ಹಾರ್ನ್, ಬೂಮಿನ ತುದಿ ಇವಕ್ಕೆ ಬಟ್ಟೆಯ ಬತ್ತಿ ಅಥವಾ ಸ್ಪಂಜು ಸಾಕು. ಇಂಧನದ ಗಾಳಿ ತೂತಿಗೂ ನೀರು ಹೊರಹೋಗುವ ಕೊಳವೆಗೂ ಬತ್ತಿ ತುರುಕಬೇಡಿ, ಸೊಳ್ಳೆ ಪರದೆಯ ಜಾಲರಿ ಕಟ್ಟಿ. ಮೀನಿನ ಬಲೆಯ ಕಣ್ಣು ದೊಡ್ಡದು, ಅದರಲ್ಲಿ ಹುಳು ತೂರುತ್ತದೆ. ದೋಣಿಯ ತಳದ ಬೂಚು ತೆಗೆದಿಟ್ಟು ಅಲ್ಲಿಗೂ ಜಾಲರಿ ಹಾಕಿ. ಮುಚ್ಚಿಬಿಟ್ಟರೆ ಮಳೆನೀರು ನಿಂತು, ಕಣಜದ ಬದಲು ಡೆಂಗ್ಯೂ ಹರಡುವ ಸೊಳ್ಳೆ ಸಾಕಿದಂತಾಗುತ್ತದೆ.

ಪ್ರತಿ ಬತ್ತಿಗೂ ಒಂದು ಗೇಣು ಕೆಂಪು ಪಟ್ಟಿ ಕಟ್ಟಿ ಹೊರಗೆ ಇಳಿಬಿಡಿ. ಒಟ್ಟು ಎಷ್ಟು ಬತ್ತಿ, ಎಲ್ಲೆಲ್ಲಿ ಎಂದು ಕ್ಯಾಬಿನ್ನಿನ ಬಾಗಿಲ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ. ನಿಲ್ಲಿಸಿದ ವಿಮಾನಗಳ ಕೊಳವೆ ಮುಚ್ಚಳಕ್ಕೆ ಕೆಂಪು ಪಟ್ಟಿ ತೂಗುವುದೂ ಇದೇ ಕಾರಣಕ್ಕೆ. ಹೊಗೆ ಕೊಳವೆಯಲ್ಲಿ ಮರೆತ ಬತ್ತಿ ಕಣಜದ ಗೂಡಿಗಿಂತ ಕೆಟ್ಟದ್ದು.

ಹೊದಿಕೆಯ ವಿಷಯದಲ್ಲಿ ನಿಯಮ ಸರಳ: ಪೂರ್ತಿ ಮುಚ್ಚಿ, ಇಲ್ಲವೇ ಪೂರ್ತಿ ತೆರೆದಿಡಿ. ಒಂದು ಮೂಲೆ ಎದ್ದು ಪಟಪಟಿಸುವ ಟರ್ಪಾಲಿನ ಅಡಿ ಮಳೆಯೂ ಇಲ್ಲ, ಬೆಳಕೂ ಕಡಿಮೆ, ಹೋಗಿಬರಲು ದಾರಿಯೂ ಇದೆ. ಕಣಜ ಆರಿಸಿಕೊಳ್ಳುವುದು ಅದನ್ನೇ. ಮುಚ್ಚುವುದಾದರೆ ಟರ್ಪಾಲು ಅಂಚಿನ ಕೆಳಗೆ ಒಂದು ಗೇಣು ಇಳಿಯಲಿ, ಹಗ್ಗದಿಂದ ಸುತ್ತ ಬಿಗಿಯಿರಿ. ಬೂಷ್ಟು ಹಿಡಿಯದಂತೆ ಎರಡು ತುದಿಯಲ್ಲಿ ಗಾಳಿಗೆ ಜಾಗ ಬಿಟ್ಟು ಆ ಬಾಯಿಗೆ ಸೊಳ್ಳೆ ಪರದೆ ಹೊಲಿಯಿರಿ. ಸಣ್ಣ ದೋಣಿಯನ್ನು ಕವುಚಿಡುವುದಾದರೆ ನೆಲಕ್ಕೆ ತಾಗಿಸಬೇಡಿ, ಇಟ್ಟಿಗೆಯ ಮೇಲೆ ಎರಡಡಿ ಎತ್ತರಿಸಿ. ಕೆಳಗೆ ಗಾಳಿ ಬೆಳಕು ಆಡುತ್ತದೆ, ಬಗ್ಗಿ ನೋಡಿದರೆ ಇಡೀ ಒಳಮೈ ಕಾಣುತ್ತದೆ.

ಅಡ್ಡಹಲಗೆಯ ತಳಕ್ಕೆ ಪಾತ್ರೆ ತೊಳೆಯುವ ಸಾಬೂನಿನ ತೆಳು ಲೇಪ ಅಥವಾ ಯಾವುದಾದರೂ ಎಣ್ಣೆ ಸವರಿಟ್ಟರೆ ಗೂಡಿನ ತೊಟ್ಟು ಅಲ್ಲಿ ಸುಲಭಕ್ಕೆ ಅಂಟದು. ಲವಂಗದ ಎಣ್ಣೆ, ಮಜ್ಜಿಗೆಹುಲ್ಲಿನ ಎಣ್ಣೆ ಮೊದಲಾದವು ಕಣಜವನ್ನು ದೂರವಿಡುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಅವು ಬೇಗ ಆವಿಯಾಗುತ್ತವೆ, ಆಷಾಢದ ಮಳೆಗಾಳಿಯಲ್ಲಿ ಕೆಲವು ದಿನವೂ ನಿಲ್ಲವು. ವಾರವಾರ ಹಚ್ಚುವ ಉತ್ಸಾಹ ಇದ್ದರೆ ಹಚ್ಚಿ, ಅದನ್ನೇ ನಂಬಿ ಕೂರಬೇಡಿ. ಗೂಡಿನಂತೆ ಕಾಣುವ ಕಾಗದದ ಚೀಲ ತೂಗುಹಾಕಿದರೆ ಬೇರೆ ಕಣಜ ಬಾರದು ಎನ್ನುವ ಮಾತೂ ಇದೆ. ಒಂದೇ ಮಾಡಿನ ಅಡಿ ಹಲವು ಗೂಡು ಕಟ್ಟಿಕೊಂಡಿರುವ ನಮ್ಮ ಸಣ್ಣ ಕಣಜದ ಮುಂದೆ ಆ ಉಪಾಯ ನಡೆಯುವ ಭರವಸೆಯಿಲ್ಲ.

ವಾರಕ್ಕೊಂದು ಸುತ್ತು

ಸಣ್ಣ ಕಣಜದ ಗೂಡು ಹುಟ್ಟುವುದನ್ನು ಹತ್ತಿರದಿಂದ ನೋಡಿದರೆ ವಾರಕ್ಕೊಮ್ಮೆ ಯಾಕೆ ಎಂಬುದು ತಿಳಿಯುತ್ತದೆ. ಹೆಣ್ಣು ಕಣಜವೊಂದು, ಕೆಲವೊಮ್ಮೆ ಎರಡು ಮೂರು, ಗಿಡದ ಮತ್ತು ಮರದ ನಾರನ್ನು ಕೆರೆದು, ಎಂಜಲಿನಲ್ಲಿ ಅಗಿದು, ಹಲಗೆಗೆ ಮೊದಲು ಒಂದು ಸಣ್ಣ ಕಪ್ಪು ತೊಟ್ಟು ಅಂಟಿಸುತ್ತವೆ. ತೊಟ್ಟಿನ ತುದಿಗೆ ಒಂದು ಕೋಣೆ, ಪಕ್ಕಕ್ಕೆ ಇನ್ನೊಂದು, ಆರು ಮೂಲೆಯವು. ಕೆಳಗಿನಿಂದ ಇಣುಕಿದರೆ ಪ್ರತಿ ಕೋಣೆಯ ಆಳದಲ್ಲಿ ಬಿಳಿ ಮೊಟ್ಟೆಯೊಂದು ಗೋಡೆಗೆ ಅಂಟಿರುವುದು ಕಾಣುತ್ತದೆ. ಇರುವೆ ಹತ್ತದಂತೆ ತೊಟ್ಟಿಗೆ ಹೊಟ್ಟೆಯ ಗ್ರಂಥಿಯಿಂದ ಒಸರುವ ದ್ರವ ಸವರುವುದೂ ಈ ಬಗೆಯ ಹಲವು ಕಣಜಗಳಲ್ಲಿ ಉಂಟು. ಈ ಹಂತದಲ್ಲಿ ಗೂಡು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ಕಾವಲಿಗಿರುವುದು ಒಂದೆರಡು ಹುಳು. ಮರಿಗಳು ಹುಳುವಾಗಿ ಹೊರಬರಲು ವಾರಗಳು ಬೇಕು. ಅಷ್ಟರೊಳಗೆ ಕಣ್ಣಿಗೆ ಬಿದ್ದರೆ ಒಂದು ಕೋಲಿನ ಕೆಲಸ. ಬೀಳದಿದ್ದರೆ ಹತ್ತಾರು ಹುಳುಗಳ ಸಂಸಾರ.

ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಹೋಗಿ. ಹೋದವರೇ ಟರ್ಪಾಲು ಎತ್ತಬೇಡಿ. ನಾಲ್ಕು ಮಾರು ದೂರದಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ಒಂದೇ ಸಂದಿಗೆ ಹುಳು ಹೋಗಿ ಬಂದು ಮಾಡುತ್ತಿದ್ದರೆ ಗೂಡು ಅಲ್ಲಿದೆ. ಆಮೇಲೆ ಮೊಬೈಲನ್ನು ಉದ್ದ ಕೋಲಿಗೆ ಕಟ್ಟಿ ಹಲಗೆಯಡಿ ತೂರಿಸಿ ವಿಡಿಯೊ ತೆಗೆದರೆ ತಲೆ ಒಳಗೆ ಹಾಕುವ ಪ್ರಮೇಯವೇ ಬಾರದು.

ಗೂಡು ಕಂಡಾಗ

ನಾಣ್ಯದಷ್ಟು ಚಿಕ್ಕ ಗೂಡು, ಒಂದೆರಡು ಹುಳು: ಹುಳು ಹಾರಿಹೋದ ಹೊತ್ತು ನೋಡಿ ಉದ್ದ ಕೋಲಿನಿಂದ ಕೆರೆದು ಬೀಳಿಸಿ, ತೊಟ್ಟಿನ ಜಾಗಕ್ಕೆ ಸಾಬೂನು ಹಚ್ಚಿ. ಅದು ಮರುದಿನ ಮತ್ತೆ ಹೂಡಬಹುದು, ಮತ್ತೆ ಕೆರೆಯಿರಿ. ಪಟ್ಟು ಹಿಡಿದರೆ ಅದು ಜಾಗ ಬದಲಿಸುತ್ತದೆ.

ಅಂಗೈ ಅಗಲದವರೆಗಿನ ತೆರೆದ ಗೂಡು, ಹತ್ತು ಹನ್ನೆರಡು ಹುಳು: ಕತ್ತಲಾದ ಮೇಲೆ, ದೋಣಿ ದಡದಲ್ಲಿದ್ದರೆ ಮಾತ್ರ, ಇಬ್ಬರು ಹೋಗಿ. ಉದ್ದ ತೋಳಿನ ದಪ್ಪ ಅಂಗಿ, ಪ್ಯಾಂಟು, ಕೈಗವಸು, ಮುಖಕ್ಕೆ ಜೇನು ಸಾಕುವವರ ಪರದೆ ಬೇಕೇ ಬೇಕು. ಕಣಜಕ್ಕೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ, ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿಕೊಳ್ಳಿ. ಒಂದು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ ಸ್ಪ್ರೇ ಪಂಪಿನಿಂದ ಗೂಡು ತೊಯ್ಯುವಂತೆ ಹೊಡೆದರೆ ಸಾಬೂನು ನೀರು ಹುಳುಗಳ ಉಸಿರ್ದಾರಿ ಕಟ್ಟುತ್ತದೆ. ಹಿಂದೆ ಸರಿಯುವ ದಾರಿಯಲ್ಲಿ ಹಗ್ಗ, ಬಲೆ, ಬಕೆಟ್ಟು ಬಿದ್ದಿರದಂತೆ ಹಗಲಲ್ಲೇ ನೋಡಿಕೊಳ್ಳಿ. ಏಣಿ ಹತ್ತಿ ಮಾಡಬೇಡಿ. ಹಿಂದೆ ಕಣಜ ಅಥವಾ ಜೇನು ಕಡಿದು ಮೈಯೆಲ್ಲ ಊದಿಕೊಂಡವರು, ಉಬ್ಬಸ ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು.

ಅದಕ್ಕಿಂತ ದೊಡ್ಡದು, ಅಥವಾ ಕಾಗದ ಸುತ್ತಿದ ಉಂಡೆ ಗೂಡು: ಕೈ ಹಾಕಬೇಡಿ. ದೋಣಿಗೆ ಹಗ್ಗ ಸುತ್ತಿ ಮಕ್ಕಳು, ದನ, ನಾಯಿ ಹತ್ತಿರ ಹೋಗದಂತೆ ಮಾಡಿ. ಕೀಟ ನಿಯಂತ್ರಣದ ಅನುಭವಸ್ಥರನ್ನು ಕರೆಸಿ.

ಮಾಡಬಾರದ್ದು

ಒಣ ಮಡಲಿನ ದೊಂದಿ ಹಿಡಿದು ಗೂಡು ಸುಡುವ ರೂಢಿ ಮರದ ಮೇಲಿನ ಗೂಡಿಗೂ ಅಪಾಯವೇ, ದೋಣಿಗಂತೂ ಆತ್ಮಘಾತ. ಫೈಬರ್ ದೋಣಿಯ ರಾಳ ಹೊತ್ತಿಕೊಳ್ಳುತ್ತದೆ, ಹತ್ತಿರದಲ್ಲೇ ಸೀಮೆಎಣ್ಣೆಯ ಟ್ಯಾಂಕು, ನೈಲಾನ್ ಬಲೆ, ಥರ್ಮೊಕೋಲು ಇರುತ್ತವೆ. ಸೀಮೆಎಣ್ಣೆ ಎರಚಿ ಕಡ್ಡಿ ಗೀರುವುದು ಇನ್ನೂ ಕೆಟ್ಟದ್ದು.

ಮನೆಯಲ್ಲಿ ಜಿರಳೆಗೆ ಹೊಡೆಯುವ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಗುಂಪಿನ ವಿಷವಿರುತ್ತದೆ. ಅದು ಮೀನಿಗೂ ಸಿಗಡಿಗೂ ಬಹಳ ಕಡಿಮೆ ಪ್ರಮಾಣದಲ್ಲೇ ಮಾರಕ. ಮೀನು ತುಂಬುವ ಸ್ಟೋರೇಜಿನೊಳಗೆ, ಐಸ್ ಪೆಟ್ಟಿಗೆಯ ಹತ್ತಿರ, ಹೊಳೆಯ ಮೇಲೆ ಕಟ್ಟಿದ ದೋಣಿಯಲ್ಲಿ ಅದನ್ನು ಬಳಸಬೇಡಿ.

ಗೂಡಿನ ಬಳಿ ಹುಳುವನ್ನು ಹೊಸಕಿ ಕೊಲ್ಲಬೇಡಿ. ಹಲವು ಜಾತಿಯ ಕಣಜಗಳ ವಿಷದ ವಾಸನೆಯೇ ಉಳಿದವಕ್ಕೆ ಅಪಾಯದ ಸೂಚನೆ. ಕಲ್ಲು ಹೊಡೆಯುವ ಹುಡುಗರನ್ನು ತಡೆಯಿರಿ. ಕಲ್ಲು ಹೊಡೆದವನು ಓಡಿಹೋಗುತ್ತಾನೆ, ಕಡಿಸಿಕೊಳ್ಳುವುದು ದಾರಿಯಲ್ಲಿ ಬರುತ್ತಿದ್ದವರು.

ನಡುನೀರಿನಲ್ಲಿ ಗೂಡು ಕಂಡರೆ ನೀರಿಗೆ ಹಾರಬೇಡಿ. ತಲೆ ಎತ್ತಿದಾಗ ಹುಳುಗಳು ಅಲ್ಲೇ ಇರಬಹುದು, ಈಜು ಬಾರದವರು ಮುಳುಗುವ ಅಪಾಯ ಅದಕ್ಕಿಂತ ದೊಡ್ಡದು. ಎಲ್ಲರೂ ಸದ್ದಿಲ್ಲದೆ ದೋಣಿಯ ಇನ್ನೊಂದು ತುದಿಗೆ ಸರಿದು, ಭಾರ ಒಂದೇ ಕಡೆ ಬೀಳದಂತೆ ಕುಳಿತು, ಕೈ ಬೀಸದೆ, ನಿಧಾನವಾಗಿ ದಡ ಸೇರಿ ಇಳಿಯಿರಿ.

ಕಡಿದರೆ

ಜೇನಿನಂತೆ ಕಣಜ ಮುಳ್ಳು ಬಿಟ್ಟುಹೋಗುವುದಿಲ್ಲ, ಒಂದೇ ಹುಳು ಮತ್ತೆ ಮತ್ತೆ ಕಡಿಯಬಹುದು. ಮೊದಲು ಅಲ್ಲಿಂದ ದೂರ ಹೋಗಿ. ಕಡಿದ ಜಾಗವನ್ನು ಸಾಬೂನು ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕೈಗೆ ಕಡಿದಿದ್ದರೆ ಉಂಗುರ, ಬಳೆ ತಕ್ಷಣ ತೆಗೆಯಿರಿ. ಸುಣ್ಣ ಹಚ್ಚಿದರೆ ಚರ್ಮ ಸುಡುವ ಸಂಭವವೇ ಹೆಚ್ಚು.

ಉಸಿರಾಟ ಕಷ್ಟವಾಗುವುದು, ಗಂಟಲು ಬಿಗಿಯುವುದು, ತುಟಿ ನಾಲಗೆ ಊದುವುದು, ಮೈತುಂಬ ದದ್ದು ಏಳುವುದು, ವಾಂತಿ, ತಲೆಸುತ್ತು, ಇವುಗಳಲ್ಲಿ ಏನು ಕಂಡರೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ಇದಕ್ಕೆ ಬೇಕಾದ ಮೊದಲ ಔಷಧ ಅಡ್ರಿನಲಿನ್ ಚುಚ್ಚುಮದ್ದು, ಮಾತ್ರೆಯಲ್ಲ. ಅಂಬಲಪಾಡಿ, ಕಿದಿಯೂರು ಕಡೆಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಹತ್ತಿರ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯೂ ಬಹಳ ದೂರವೇನಲ್ಲ. ದೊಡ್ಡ ಕಣಜದ ಹಿಂಡು ಹತ್ತಾರು ಕಡೆ ಕಡಿದಿದ್ದರೆ, ಆಗ ಚೆನ್ನಾಗಿದ್ದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ವಿಷ ಸ್ನಾಯುಗಳನ್ನು ಹಾಳುಮಾಡಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದು ಒಂದೆರಡು ದಿನ ಕಳೆದ ಮೇಲೂ ಗೊತ್ತಾಗಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು ಅದರ ಲಕ್ಷಣ. ಬಾಯೊಳಗೆ, ಕತ್ತಿಗೆ ಕಡಿದರೆ ಒಂದೇ ಕಡಿತವಾದರೂ ವೈದ್ಯರಿಗೆ ತೋರಿಸಿ.

ನೀರಿಗಿಳಿಸುವ ದಿನ

ಸಮುದ್ರ ಪೂಜೆ ಮುಗಿದು ದೋಣಿ ಇಳಿಸುವ ಸಡಗರದಲ್ಲಿ ಪರೀಕ್ಷೆ ತಪ್ಪಿಹೋಗುವುದೇ ಹೆಚ್ಚು. ಅದನ್ನು ಹಿಂದಿನ ದಿನವೇ ಮುಗಿಸಿ:

- ದೂರದಿಂದ ಹತ್ತು ನಿಮಿಷ ನೋಡಿ, ಆಮೇಲೆ ಗಾಳಿಯ ದಿಕ್ಕಿನಿಂದ ಟರ್ಪಾಲು ಸುತ್ತುತ್ತ ಬನ್ನಿ.
- ಬಾಗಿಲ ಮೇಲೆ ಬರೆದ ಲೆಕ್ಕಕ್ಕೆ ಸರಿಯಾಗಿ ಬತ್ತಿಗಳನ್ನು ಹೊರತೆಗೆಯಿರಿ.
- ಬಲೆಯ ರಾಶಿಯನ್ನು ಉದ್ದ ಕೋಲಿನಿಂದ ತಿರುವಿ, ತಬ್ಬಿ ಎತ್ತಬೇಡಿ.
- ಟಯರ್, ಬ್ಯಾಟರಿ ಪೆಟ್ಟಿಗೆ, ಲೈಫ್ ಜಾಕೆಟ್, ಬೂಮಿನ ತುದಿ ನೋಡಿ.
- ಎಂಜಿನ್ನನ್ನು ದಡದಲ್ಲೇ, ಡ್ರಮ್ಮಿನ ನೀರಿನಲ್ಲಿ, ಹತ್ತು ನಿಮಿಷ ಓಡಿಸಿ. ಧಾರೆ ಬರುತ್ತಿದೆಯೇ, ಎಂಜಿನ್ ಮಧ್ಯೆ ನಿಲ್ಲುತ್ತದೆಯೇ ಗಮನಿಸಿ. ಅಡಗಿದ ಗೂಡು ಇದ್ದರೆ ಆ ನಡುಕಕ್ಕೆ ಹುಳು ಹೊರಬರುವುದೂ ದಡದಲ್ಲೇ ಆಗಲಿ.
- ತಳದ ಬೂಚು ಮರೆಯದೆ ಹಾಕಿ.

ದೋಣಿಯಿಂದ ಓಡಿಸಿದ ಕಣಜವನ್ನು ಊರಿಂದಲೇ ಓಡಿಸಬೇಕಾಗಿಲ್ಲ. ಅದು ತನ್ನ ಮರಿಗಳ ಹೊಟ್ಟೆಗೆ ತರುವುದು ಬಹುಪಾಲು ಕಂಬಳಿಹುಳ ಮೊದಲಾದ ಮರಿಹುಳುಗಳನ್ನು. ಉದ್ಯಾವರ ಹೊಳೆಯಾಚೆ ಮಟ್ಟುವಿನಲ್ಲಿ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಗುಳ್ಳ ಬದನೆ ಬೆಳೆಯುವ ಗದ್ದೆಗಳಲ್ಲಿ, ಎಲೆ ತಿನ್ನುವ ಹುಳುಗಳನ್ನು ಹಿಡಿಯುವ ಕೂಲಿಯಿಲ್ಲದ ಕೆಲಸಗಾರರಲ್ಲಿ ಕಣಜವೂ ಒಂದು. ಜನ ಓಡಾಡದ ಮರದ ಮೇಲಿನ ಗೂಡನ್ನು ಹಾಗೇ ಬಿಡಿ.

ಈ ಸಲ ದೋಣಿ ದಡಕ್ಕೆಳೆಯುವ ಮೊದಲು ಒಂದು ಮೀಟರ್ ಸೊಳ್ಳೆ ಪರದೆ, ಹಳೇ ಬಟ್ಟೆ, ಕೆಂಪು ಪಟ್ಟಿ, ಮಾರ್ಕರ್ ಪೆನ್ನು ತೆಗೆದಿಟ್ಟುಕೊಳ್ಳಿ. ಪಕ್ಕದ ಮನೆಯವರ ದೋಣಿ ನೋಡಿಕೊಳ್ಳುವವರಿಲ್ಲದೆ ನಿಂತಿದ್ದರೆ ಅದರ ತೂತುಗಳನ್ನೂ ಮುಚ್ಚಿ, ಅವರಿಗೊಂದು ಫೋನು ಮಾಡಿ ತಿಳಿಸಿ. ಅಲ್ಲಿ ಎದ್ದ ಕಣಜ ಕಡಿಯುವುದು ನಿಮ್ಮ ಮನೆಯ ಮಕ್ಕಳನ್ನೂ.